ಅಪ್‌ಡೇಟ್: ವ್ಯಾಲರಂಟ್ ಆಡಲು ಐದನೆಯವರು ಸಿಕ್ಕರು

ಮುಂಬೈ ಕಡೆ ವ್ಯಾಲರಂಟ್ (ಐವರ ಎರಡು ತಂಡಗಳು ಎದುರಾಗುವ ಆನ್‌ಲೈನ್ ಶೂಟಿಂಗ್ ಆಟ) ಆಡುವ ಕನ್ನಡದ ಜೊತೆಗಾರರು ಸಿಗುತ್ತಾರೆಯೇ ಎಂದು ಕಳೆದ ತಿಂಗಳು ಡೊಂಬಿವಲಿಯಿಂದ ಕೇಳಿದ್ದೆ. ಈಗ ನಾವು ಐವರಿದ್ದೇವೆ!

ನಿಮ್ಮ ಉತ್ತರಗಳಿಂದ ಮೊದಲ ವಾರವೇ ಥಾಣೆ ನಗರದ ಇಬ್ಬರು, ಮುಲುಂಡಿನ ಒಬ್ಬರು ಸೇರಿದರು. ನಾಲ್ವರಾದದ್ದೇ ತೊಡಕಾಯಿತು. ಶ್ರೇಯಾಂಕದ ಪಂದ್ಯಕ್ಕೆ ಮೂವರು ಒಟ್ಟಾಗಿ ಹೋಗಬಹುದು, ಐವರೂ ಹೋಗಬಹುದು. ನಾಲ್ವರಿಗೆ ಮಾತ್ರ ಪ್ರವೇಶವಿಲ್ಲ. ಹೊರಗಿನಿಂದ ಬರುವ ಐದನೆಯವರು ನಾಲ್ವರ ನಡುವೆ ಒಂಟಿಯಾಗಬಾರದಲ್ಲ, ನಿಯಮ ನ್ಯಾಯವಾದದ್ದೇ. ಆದರೂ ಪ್ರತಿ ರಾತ್ರಿ ನಮ್ಮಲ್ಲೊಬ್ಬರನ್ನು ಬಿಟ್ಟು ಆಡುವುದು ನನಗೆ ಬಹಳ ನೋವು ತಂದಿತು.

ಕೊನೆಗೆ ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಅಮ್ಮನೊಂದಿಗೆ ನಾಟಕ ನೋಡಲು ಹೋದಾಗ, ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಅಕ್ಕ ಒಬ್ಬರು ಈ ಆಟ ಆಡುತ್ತಾರೆಂದು ತಿಳಿಯಿತು. ಅವರದು ಸೇಜ್ ಪಾತ್ರ: ಗಾಯ ಮಾಯಿಸುವುದು, ಬಿದ್ದವರನ್ನು ಮತ್ತೆ ಎಬ್ಬಿಸುವುದು. ಎಷ್ಟು ತಾಳ್ಮೆಯಿಂದ ಆಡುತ್ತಾರೆ! ನಿನ್ನೆ 9–11ರಲ್ಲಿ ಹಿಂದಿದ್ದವರು 13–11ರಿಂದ ಗೆದ್ದೆವು. “ಎಡಕ್ಕೆ ಇಬ್ಬರು ಬಂದರು ನೋಡು” ಎಂದು ಕನ್ನಡದಲ್ಲಿ ಕೇಳಿದರೆ, ಅರ್ಥವಾಗುವ ಮೊದಲೇ ಕೈ ಅತ್ತ ತಿರುಗಿರುತ್ತದೆ. ಇದಕ್ಕಾಗಿಯೇ ನಾನು ಹುಡುಕುತ್ತಿದ್ದೆ.

ರಾತ್ರಿ ಹತ್ತರ ಮೇಲೆ ಆಡುತ್ತೇವೆ. ಉತ್ತರಿಸಿದ ಪ್ರತಿಯೊಬ್ಬರಿಗೂ ಕೃತಜ್ಞ. ನಮ್ಮಲ್ಲಿ ಯಾರಾದರೂ ತಪ್ಪಿದ ದಿನ ಬರಬಲ್ಲ ಆರನೆಯವರಿದ್ದರೆ ದಯವಿಟ್ಟು ತಿಳಿಸಿ.