‘ಫಾಸ್ಟ್’ ಅಂದ್ರೆ ಎಲ್ಲ ಕಡೆ ವೇಗವೇನಾ?

ಪ್ರಶ್ನೆ | ಕರಡುಪ್ರತಿ
ತಿದ್ದಬೇಕಾದ ಅನುವಾದದಲ್ಲಿ ಮೂರು ಸಾಲು ಹೀಗಿವೆ: ‘ಆಮ್ಲ-ವೇಗದ ಬ್ಯಾಕ್ಟೀರಿಯಾ’, ‘ವೇಗದ ಬಣ್ಣದ ಬಟ್ಟೆ’, ‘ಬಾಗಿಲು ವೇಗವಾಗಿ ಅಂಟಿಕೊಂಡಿತು’. ಇಂಗ್ಲಿಷಿನಲ್ಲಿ ಮೂರೂ ಕಡೆ ‘ಫಾಸ್ಟ್’ ಇದೆ. ಬದಲಿಗೆ ಏನು ಹಾಕಲಿ? ಎಲ್ಲಿ ವೇಗ, ಎಲ್ಲಿ ಅಲ್ಲ ಅಂತ ಗುರುತಿಸೋದು ಹೇಗೆ?

ಉತ್ತರ | ಪದಬೇರು
ಮೂರೂ ತಪ್ಪು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಗಟ್ಟಿ, ಭದ್ರ, ಅಲುಗದ್ದು ಅಂತಲೇ ಅರ್ಥ. ವೇಗ ಆಮೇಲೆ ಸೇರಿಕೊಂಡದ್ದು. ವಿಚಿತ್ರ ಅನ್ನಿಸಿದರೆ ನಮ್ಮ ‘ಜೋರು’ ನೋಡಿ. ಪಾರ್ಸಿಯಿಂದ ಬಂದ ಆ ಪದದ ಮೂಲಾರ್ಥ ಬಲ. ಆದರೂ ‘ಜೋರಾಗಿ ಓಡು’ ಅಂದರೆ ಬೇಗ ಓಡು ಅಂತಲೇ ತಿಳಿಯುತ್ತೇವೆ. ಉಪವಾಸದ ‘ಫಾಸ್ಟ್’ ಕೂಡ ಇದೇ ಬೇರಿನದು, ನಿಯಮವನ್ನು ಬಿಗಿಯಾಗಿ ಹಿಡಿಯುವುದು.

ಗುರುತಿಸಲು ಕ್ರಿಯಾಪದ ನೋಡಿ. ಸ್ಟಿಕ್, ಹೋಲ್ಡ್, ಸ್ಟ್ಯಾಂಡ್ ಜೊತೆ ಬಂದರೆ ವೇಗ ಅಲ್ಲವೇ ಅಲ್ಲ. ನಿಮ್ಮ ಬಾಗಿಲು ‘ಬಿಗಿಯಾಗಿ ಕಚ್ಚಿಕೊಂಡಿತ್ತು’. ‘ಫಾಸ್ಟ್ ಅಸ್ಲೀಪ್’ ಅಂದರೆ ಗಾಢ ನಿದ್ದೆ. ‘ಬೇಗ ಮಲಗಿದ’ ಅಂತ ಬರೆದರೆ ಕತೆಯೇ ಬೇರೆ. ‘ಫಾಸ್ಟ್ ಫ್ರೆಂಡ್ಸ್’ ಬೇಗ ಆದ ಗೆಳೆಯರಲ್ಲ, ಬಿಡದ ಗೆಳೆಯರು.

ಉತ್ತರ | ಗಾಜುಪಟ್ಟಿ
ನಾಮಪದದ ಬೆನ್ನಿಗೆ ಅಡ್ಡಗೆರೆ ಹಾಕಿ ‘ಫಾಸ್ಟ್’ ಬಂದರೆ ‘ಅದಕ್ಕೆ ಜಗ್ಗದ್ದು’ ಅಂತ ಓದಿಕೊಳ್ಳಿ. ಕ್ಷಯದ ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿ ಮೇಣದಂಥ ಮೈಕೋಲಿಕ್ ಆಮ್ಲ ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಚ್ಚಿ ಗುರುತಿಸುವ ಜೀಲ್-ನೀಲ್ಸನ್ ವಿಧಾನದಲ್ಲಿ ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಮೇಲೆ ಆಮ್ಲದಿಂದ ತೊಳೆದರೂ ಅದು ಕೆಂಪು ಬಿಡುವುದಿಲ್ಲ. ಉಳಿದ ಬ್ಯಾಕ್ಟೀರಿಯಾಗಳು ಬಣ್ಣ ಕಳಕೊಂಡು, ಕೊನೆಗೆ ಹಾಕುವ ಮೀಥಿಲೀನ್ ಬ್ಲೂ ಹೀರಿ ನೀಲಿಯಾಗುತ್ತವೆ. ಹಾಗಾಗಿ ‘ಆಮ್ಲಕ್ಕೆ ಬಣ್ಣ ಬಿಡದ’ ಅನ್ನಿ. ‘ಆಮ್ಲನಿರೋಧಕ’ ಅಂದರೆ ಆಮ್ಲದಲ್ಲಿ ಸಾಯದ್ದು ಅನ್ನೋ ಅರ್ಥ ಬಂದುಬಿಡುತ್ತೆ.

ಬಟ್ಟೆಗೂ ಇದೇ: ‘ಬಣ್ಣ ಬಿಡದ ಬಟ್ಟೆ’. ಒಗೆತಕ್ಕೆ ಬಣ್ಣ ಎಷ್ಟು ತಾಳುತ್ತದೆ ಅನ್ನೋದನ್ನ 1ರಿಂದ 5ರವರೆಗೆ, ಬೆಳಕಿಗೆ ಎಷ್ಟು ಅನ್ನೋದನ್ನ ನೀಲಿ ಉಣ್ಣೆ ತುಂಡುಗಳ ಜೊತೆ ಹೋಲಿಸಿ ನೋಡುವ ಬ್ಲೂ ವುಲ್ ಅಳತೆಯಲ್ಲಿ 1ರಿಂದ 8ರವರೆಗೆ ಅಳೆಯುತ್ತಾರೆ. ಅಂಕಿ ಹೆಚ್ಚಾದಷ್ಟೂ ಒಳ್ಳೇದು. ಆ ಕರಡಿನಲ್ಲಿ ‘ಲೈಟ್ ಫಾಸ್ಟ್‌ನೆಸ್’ ಎಲ್ಲಾದರೂ ‘ಬೆಳಕಿನ ವೇಗ’ ಆಗಿದೆಯಾ ನೋಡಿಬಿಡಿ!

ಪ್ರಶ್ನೆ | ಕರಡುಪ್ರತಿ
ಅದೊಂದು ಇಲ್ಲ, ಪುಣ್ಯ. ಆದರೆ ‘ವೇಗದ ಮಸೂರ’ ಇದೆ. ಅದೂ ತಪ್ಪಾ?

ಉತ್ತರ | ಎಫ್‌ಸ್ಟಾಪ್
ಇದರಲ್ಲಿ ವೇಗ ನಿಜವಾಗಿಯೂ ಇದೆ, ಆದರೆ ಅದು ಕ್ಯಾಮೆರಾದ ಶಟರ್‌ನದು. ಎಫ್ ಅಂಕಿ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಕಿರಿದಾದಷ್ಟೂ ಕಿಂಡಿ ದೊಡ್ಡದು. ಎಫ್/2.8ಕ್ಕಿಂತ ಎಫ್/1.4ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಸೆಕೆಂಡಿನ 50ನೇ ಒಂದು ಭಾಗ ತೆರೆದಿರಬೇಕಾದ ಶಟರ್‌ಗೆ 200ನೇ ಒಂದು ಭಾಗ ಸಾಕು. ಛಾಯಾಗ್ರಾಹಕರಿಗಾದರೆ ‘ಫಾಸ್ಟ್ ಲೆನ್ಸ್’ ಅಂತಲೇ ಬಿಡಿ, ಬೇರೆಯವರಿಗೆ ‘ಹೆಚ್ಚು ಬೆಳಕು ಬಿಡುವ ಲೆನ್ಸ್’.

ಉತ್ತರ | ಪದಬೇರು
ಗಡಿಯಾರ ಬಂದರೂ ಹುಷಾರು. ‘ಹತ್ತು ನಿಮಿಷ ಫಾಸ್ಟ್’ ಅಂದರೆ ಮುಳ್ಳು ಹತ್ತು ನಿಮಿಷ ಮುಂದಿದೆ ಅಂತಷ್ಟೇ. ಅದು ಈಗ ಸರಿಯಾಗೇ ನಡೆಯುತ್ತಿರಬಹುದು.