ಸಹಾಯ ಬೇಕು: ಪರಿಚಿತರೊಬ್ಬರ ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆಯ ಫಲಿತಾಂಶವನ್ನು ನಾನಾಗಿ ವಿಚಾರಿಸಬಹುದೇ?

ಪ್ರಾಗ್‌ನಲ್ಲಿ ಕೆಲಸದಲ್ಲಿರುವ ನನಗೆ ಕಳೆದ ತಿಂಗಳು ಡ್ರೆಸ್ಡೆನ್‌ನಿಂದ ಬರುವ ರೈಲಿನಲ್ಲಿ ಜರ್ಮನ್ ಮಹಿಳೆಯೊಬ್ಬರ ಪರಿಚಯವಾಯಿತು. ಜರ್ಮನಿಯ 1990ರ ಭ್ರೂಣ ಸಂರಕ್ಷಣಾ ಕಾಯ್ದೆಯ ಪ್ರಕಾರ ವೈದ್ಯರು ದಾನಿಯ ಅಂಡಾಣುವಿನಿಂದ ಚಿಕಿತ್ಸೆ ನೀಡುವಂತಿಲ್ಲವಾದ್ದರಿಂದ, ಅದಕ್ಕೆ ಅನುಮತಿಯಿರುವ, ದಾನಿಯ ಹೆಸರನ್ನು ಗೋಪ್ಯವಾಗಿಡುವ ಚೆಕ್ ದೇಶಕ್ಕೆ ಅವರು ಮೂರನೆಯ ಬಾರಿ ಬರುತ್ತಿದ್ದರು. ಮೊಬೈಲಿನ ಅಲಾರಂ ಬಡಿದ ಕೂಡಲೇ ಮಾತ್ರೆ ನುಂಗಿ, ಮಡಚಿ ಮಡಚಿ ಸವೆದ ಚೀಟಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ಪತಿಗೆ ರಜೆ ಸಿಕ್ಕಿರಲಿಲ್ಲ. ತಾಯಿಗೆ ವಿಷಯವನ್ನೇ ತಿಳಿಸಿರಲಿಲ್ಲ. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ದಿನ, ಅವರ ಕೋರಿಕೆಯಂತೆ ಆಸ್ಪತ್ರೆಯಲ್ಲಿ ಕಾದಿದ್ದು, ಹೋಟೆಲಿಗೆ ಕರೆದೊಯ್ದು, ಅನ್ನ, ತಿಳಿಸಾರು ಕೊಟ್ಟು ಬಂದೆ.

ಗರ್ಭ ನಿಂತಿದೆಯೇ ಎಂದು ತಿಳಿಯಲು ಎರಡು ವಾರಕ್ಕೆ ರಕ್ತಪರೀಕ್ಷೆ ಎಂದಿದ್ದರು; ಇಂದಿಗೆ 20 ದಿನಗಳಾದವು. ಕ್ಷೇಮ ಕೇಳಿ ಎರಡು ಸಂದೇಶ ಕಳುಹಿಸಿದೆ, ಓದಿದ್ದಾರೆ, ಉತ್ತರವಿಲ್ಲ. “ವಿಶೇಷ ಏನಾದರೂ ಇದೆಯಾ” ಎಂದು ಕೇಳಿ ಕೇಳಿ ನಮ್ಮವರೇ ನನ್ನ ಅಕ್ಕನನ್ನು ಎಷ್ಟು ನೋಯಿಸಿದರೆಂಬುದು ನೆನಪಿರುವುದರಿಂದ ಕೇಳಲು ಅಂಜಿಕೆಯಾಗುತ್ತದೆ. ಸುಮ್ಮನಿದ್ದರೆ ಮರೆತೇಬಿಟ್ಟೆನೆಂದು ಅವರು ಭಾವಿಸಬಹುದೆಂಬ ಸಂಕಟವೂ ಇದೆ.

ಐವಿಎಫ್ ಚಿಕಿತ್ಸೆ ಪಡೆದಿರುವ ಸಹೋದರಿಯರು ದಯವಿಟ್ಟು ತಿಳಿಸಿ: ಇಂಥ ದಿನಗಳಲ್ಲಿ ಹೊಸ ಪರಿಚಯದವರು ಫಲಿತಾಂಶವನ್ನು ನೇರವಾಗಿ ಕೇಳಿದ್ದರೆ ನಿಮಗೆ ಹಿತವಾಗುತ್ತಿತ್ತೇ, ಅಥವಾ ಅವರಾಗಿ ಹೇಳುವವರೆಗೆ ನಾನು ಕಾಯುವುದೇ ಸರಿಯೇ?