ಮಗಳಿಗೆ "ತುಡರ್" ಅಂತ ಇಡುವ ಅಂತಿದ್ದೇವೆ, ಅಪರೂಪದ ಹೆಸರಿಟ್ಟವರು ಅನುಭವ ಹೇಳಿ

ಕುಲಶೇಖರದ ಅಮ್ಮ:
ಮಗಳಿಗೆ ಏಳು ತಿಂಗಳಾಯ್ತು. ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಮಾತ್ರ ಖಾಲಿ ಉಂಟು. ಅವಳು ಹುಟ್ಟಿದ್ದು ತುಡರ ಪರ್ಬದ (ದೀಪಾವಳಿಯ) ರಾತ್ರಿ. ಅಂಗಳದಲ್ಲಿ ಬಲಿಯೇಂದ್ರನನ್ನು ಕರೆಯುವ ಹೊತ್ತಿಗೆ ನನಗೆ ನೋವು ಶುರುವಾದದ್ದು. ಹಾಗೆ ತುಡರ್ (ತುಳುವಿನಲ್ಲಿ ದೀಪ) ಅಂತ ನಾವಿಬ್ಬರೂ ಗಟ್ಟಿ ಮಾಡಿದ್ದೇವೆ. ಅತ್ತೆಗೆ ಸುತರಾಂ ಇಷ್ಟ ಇಲ್ಲ. "ದೀಪ, ಜ್ಯೋತಿ ಅಂತೆಲ್ಲ ಇರುವಾಗ ಇದೆಂತ ಹೆಸರು, ಶಾಲೆಯಲ್ಲಿ ಮಕ್ಕಳು ನೆಗಾಡ್ಲಿಕ್ಕಿಲ್ವಾ" ಅಂತಾರೆ. ತುಳು ಹೆಸರು, ಇಲ್ಲದಿದ್ರೆ ಯಾರೂ ಇಡದ ಹೆಸರು ಇಟ್ಟವರು ಇದ್ರೆ ಹೇಳಿ. ಮುಂದೆ ಎಂತೆಲ್ಲ ರಗಳೆ ಆಯ್ತು?

ಕಾರ್ಕಳದ ಅಪ್ಪ:
ನಮ್ಮ ಮಗಳ ಹೆಸರು ದೇಯಿ. ಆರನೇ ಕ್ಲಾಸು. ತುಳುನಾಡಿನ ವೀರರು ಕೋಟಿ ಚೆನ್ನಯರ ಅಮ್ಮನ ಹೆಸರು ಅಂತ ನಮ್ಮ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಬಸುರಿಯಾಗಿದ್ದಾಗಲೂ ಪಡುಮಲೆಯ ಅರಸ ಬಲ್ಲಾಳನ ಕಾಲಿನ ಗಾಯಕ್ಕೆ ಮದ್ದು ಮಾಡಿ ವಾಸಿ ಮಾಡಿದ ಹೆಂಗಸು ಅವಳು. ನನ್ನ ಹೆಂಡತಿ ನರ್ಸ್, ಹೆಸರು ಆರಿಸಿದ್ದು ಅವಳೇ. ಹೆಸರಿನ ಬಗ್ಗೆ ನನಗೆ ಒಂದು ದಿನವೂ ಬೇಜಾರಾಗಿಲ್ಲ. ಸ್ಪೆಲ್ಲಿಂಗ್ ನೆನೆದ್ರೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜನನ ಪತ್ರದಲ್ಲಿ ಕೊನೆಗೆ ಎರಡು ಇ ಬಿತ್ತು. ಆಧಾರಿನಲ್ಲಿ ಒಂದು ಐ. ಎರಡೂ ದೇಯಿ ಅಂತಲೇ ಓದಿಸ್ತದಲ್ಲ ಅಂತ ನಾನು ಬಿಟ್ಟುಬಿಟ್ಟೆ. ಮಸ್ಕತ್‌ನಲ್ಲಿರುವ ಭಾವನ ಮನೆಗೆ ಹೋಗ್ಲಿಕ್ಕೆ ಪಾಸ್‌ಪೋರ್ಟ್ ಮಾಡಿಸುವಾಗ ಸಿಕ್ಕಿಬಿದ್ದೆ. ಹೊರಗೆ ಅರ್ಜಿ ಬರೆಯುವವ ಒಬ್ಬ, ಅಫಿಡವಿಟ್ ಬೇಕು, ಎರಡು ಪತ್ರಿಕೆಯಲ್ಲಿ ಜಾಹೀರಾತು ಬೇಕು ಅಂದ. ಸ್ಟಾಂಪ್ ಪೇಪರ್ 20 (ಈಗ ಅದೂ 100 ಆಗಿದೆ), ನೋಟರಿ 200, ಜಾಹೀರಾತು ಎರಡಕ್ಕೆ 2,600, ಬಸ್ಸು ಜೆರಾಕ್ಸ್ ಎಲ್ಲ ಸೇರಿ 450, ಎರಡು ದಿನದ ಸಂಬಳ ಹೋದದ್ದು 1,600. ಒಟ್ಟು 4,870. ಜಾಹೀರಾತು ನಮ್ಮ ಕೇಸಿಗೆ ಬೇಕಾಗಿರಲೇ ಇಲ್ಲ ಅಂತ ಆಮೇಲೆ ಗೊತ್ತಾದದ್ದು. ಜನನ ಪತ್ರ ತೋರಿಸಿ ಆಧಾರ್ ತಿದ್ದಿಸಿದ್ರೆ ಆಗಿನ ಐವತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆದ್ರೆ ನಾನು ಜನನ ಪತ್ರವನ್ನೇ ತಿದ್ದಿಸಬೇಕು ಅಂತ ಹಠ ಹಿಡಿದೆ, ಯಾಕಂದ್ರೆ ಎರಡು ಇ ನೋಡ್ಲಿಕ್ಕೆ ನನಗೆ ಆಗುದಿಲ್ಲ. ಅದಕ್ಕೆ ವಿಷಯ ಗೊತ್ತಿರುವ ಇಬ್ಬರ ಹೇಳಿಕೆ ಬೇಕಾಯ್ತು, ಮೂರು ಸಲ ಓಡಾಟ. ಅಷ್ಟಾದ ಮೇಲೂ ಹಳೆಯದ್ದು ಅಳಿಸುದಿಲ್ಲ ಮಾರಾಯ್ರೆ. ಕಾನೂನೇ ಹಾಗೆ. ಮೂಲ ನಮೂದು ಹಾಗೇ ಇರ್ತದೆ, ತಿದ್ದಿದ್ದನ್ನು ರಿಜಿಸ್ಟರಿನ ಅಂಚಿನಲ್ಲಿ ಬರೆಯುದು.

ತುಡರ್ ಚಂದದ ಹೆಸರು. ಟಿ ಯು ಡಿ ಎ ಆರ್ ಅಂತ ಬರೆಸಿ. ಎಚ್ ಗಿಚ್ ಹಾಕ್ಬೇಡಿ.

ಬಿಜೈಯ ಟೀಚರ್:
ಕಾರ್ಕಳದವರೇ, ಬರೀ ಟಿ ಹಾಕಿದರೆ ಹೊರಗಿನವರು ಟುಡರ್ ಎಂದೇ ಓದುತ್ತಾರೆ. 26 ವರ್ಷ ಹಾಜರಿ ಕರೆದವಳು ನಾನು. ನಮ್ಮಲ್ಲಿ ಗೀತಾ, ಸವಿತಾ ಎಲ್ಲರೂ ಟಿ ಎಚ್ ಹಾಕಿಯೇ ಬರೆಯುತ್ತಾರೆ, ಓದಲು ತೊಂದರೆ ಆಗುವುದಿಲ್ಲ. ಆದರೆ ತುಡರ್ ಶಬ್ದದಲ್ಲಿ ಡ ಕೂಡ ಉಂಟಲ್ಲ, ಡಿ ಹಾಕಿದರೆ ಅರ್ಧ ಜನ ದ ಎಂದು ಓದಿ "ತುದರ್" ಮಾಡುತ್ತಾರೆ. ತುಳುವಿನಲ್ಲಿ ಕೊನೆಗೆ ಬರುವ ಆ ಅರ್ಧ ಉಕಾರವಂತೂ ಇಂಗ್ಲಿಷಿನ ಯಾವ ಅಕ್ಷರಕ್ಕೂ ಸಿಗುವುದಿಲ್ಲ, ಕನ್ನಡಕ್ಕೇ ಸರಿಯಾಗಿ ಸಿಗುವುದಿಲ್ಲ.

ಮುಂಚೆ ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಹೆಸರು, ಹುಟ್ಟಿದ ದಿನವೂ ಮೇಷ್ಟ್ರು ಬರೆದದ್ದೇ. ಈಗ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪತ್ರದಲ್ಲಿ ಇದ್ದದ್ದೇ ಆಧಾರ. ಹಾಗಾಗಿ ಮೊದಲೇ ಯೋಚಿಸಿ, ಎಚ್ ಹಾಕಿಯೇ ಬರೆಸಿ.

ಕಾರ್ಕಳದ ಅಪ್ಪ:
ಟೀಚರ್, ಉತ್ತರ ಭಾರತದವರು ಟಿ ಎಚ್ ಕಂಡ್ರೆ ಥ ಅಂತಾರೆ. ಥುಡರ್! ನಮ್ಮ ದೀಪಕ್ಕೆ ಆ ಅವಸ್ಥೆ ಬೇಕಾ?

ಬಜ್ಪೆ, ಈಗ ದುಬೈ:
ಸ್ಪೆಲ್ಲಿಂಗ್ ಬಿಡಿ, ಅದಕ್ಕಿಂತ ದೊಡ್ಡದು ಉಂಟು. ಹೆಸರು ಒಂದೇ ಶಬ್ದದಲ್ಲಿ ನಿಲ್ಲಿಸ್ಬೇಡಿ. ನನ್ನ ಮಗನಿಗೆ ನಾವು ಜಾತಿ ಹೆಸರು ಬೇಡ ಅಂತ "ಪರಿಮಳ್" ಅಂತಷ್ಟೇ ಇಟ್ಟದ್ದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂತ ಹೇಳಿತು. ನನ್ನ ಹೆಂಡತಿ ಮಗ ಡಿಸೆಂಬರಿಗೆ ಟಿಕೆಟ್ ಮಾಡಿಯಾಗಿತ್ತು. ಮತ್ತೆ ಸ್ವಲ್ಪ ದಿನದಲ್ಲೇ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ರೆ ಆಗ್ತದೆ ಅಂದ್ರು. ಅಷ್ಟರಲ್ಲಿ ನಾನು ಹೆದರಿ ಟಿಕೆಟ್ ರದ್ದು ಮಾಡಿದ್ದೆ, ಇಬ್ಬರದ್ದು ಸೇರಿ 11,400 ಹೋಯ್ತು. ಮಗ ಆಗ ನಾಲ್ಕು ವರ್ಷದವ. ಬ್ಯಾಗಿನಲ್ಲಿ ಅವನೇ ಇಟ್ಟಿದ್ದ ಆಟದ ಲಾರಿಯನ್ನು ಅವಳು ತೆಗೆಯುವಾಗ ಅವ ಅತ್ತದ್ದು ನಾನು ವೀಡಿಯೊ ಕಾಲಿನಲ್ಲಿ ನೋಡಿದ್ದು. ನಮ್ಮೂರಿನಲ್ಲಿ ಗಲ್ಫಿನ ಸಂಬಂಧ ಇಲ್ಲದ ಮನೆ ಎಷ್ಟುಂಟು? ಹಿಂದೆ ಅಪ್ಪನದ್ದೋ ಅಮ್ಮನದ್ದೋ ಮನೆಯದ್ದೋ ಹೆಸರು ಸೇರಿಸಿ.

ಹಿರಿಯಡ್ಕದ ಸಿರಿಯ ಅಮ್ಮ:
ನನ್ನ ಮಗಳು ಸಿರಿ, ಹುಟ್ಟಿದ್ದು 2009. ನನ್ನ ದೊಡ್ಡಮ್ಮ, ತುಳುನಾಡಿನವರು ದೈವ ಅಂತ ನಂಬುವ ಸಿರಿಯ ಜಾತ್ರೆಯಲ್ಲಿ ಹಿಂಗಾರ (ಅಡಿಕೆಯ ಹೂ) ಹಿಡಿದು ನಿಲ್ಲುತ್ತಿದ್ದವರು, ಅವರ ಆಸೆ ಅದು. ಆಗ ಗಂಡನ ಕಡೆಯವರು, ಸಿರಿ ಗಂಡನನ್ನು ಬಿಟ್ಟು ಹೊರಟವಳು, ಅವಳ ಹೆಸರು ಬೇಡ ಅಂತ ದೊಡ್ಡ ಬೊಬ್ಬೆ. ಬಿಟ್ಟು ಹೊರಟದ್ದು ಯಾಕೆ ಅಂತ ಪಾಡ್ದನದಲ್ಲೇ (ಅವಳ ಕತೆ ಹೇಳುವ ತುಳು ಹಾಡಿನಲ್ಲೇ) ಉಂಟಲ್ಲ, ತಪ್ಪು ಯಾರದ್ದು ಅಂತಲೂ ಉಂಟು. ನಾನು ಬಿಡಲಿಲ್ಲ.

ಎರಡು ವರ್ಷ ಕಳೆದು 2011ರಲ್ಲಿ ಐಫೋನಿನೊಳಗೆ ಕೇಳಿದ್ದಕ್ಕೆ ಉತ್ತರ ಕೊಡುವ ಇನ್ನೊಬ್ಬಳು ಸಿರಿ ಬಂದಳು. ಮಗಳು ಈಗ ಕಾಲೇಜಿಗೆ ಹೋಗ್ತಾಳೆ. "ಹೇ ಸಿರಿ, ನಾಳೆ ಮಳೆ ಉಂಟಾ" ಅಂತ ದಿನಕ್ಕೆ ಹತ್ತು ಜನ. ಒಂದು ದಿನ ಅವಳು ಬಂದು, "ಅಮ್ಮಾ, ನಾನು ಯಾರಾದ್ರೂ ಕರೆದ್ರೆ ತಿರುಗಿ ನೋಡುದೇ ಬಿಟ್ಟಿದ್ದೇನೆ" ಅಂದಳು. ಆ ಮಾತು ನನಗೆ ನಟ್ಟಿದೆ. ಯಾರ ತಪ್ಪೂ ಅಲ್ಲ, ನಾನು ಇಡುವಾಗ ಅದು ಇರಲಿಲ್ಲ. ಸತ್ಯನಾಪುರದ ಸಿರಿಯ ಕತೆ ಗೊತ್ತಿರುವವರು ಆ ಕ್ಲಾಸಿನಲ್ಲಿ ನಾಲ್ಕೇ ಜನ ಅಂತೆ. ಮಂಗಳೂರಿನ ಕಾಲೇಜಿನಲ್ಲಿ! ಅದು ನನಗೆ ಫೋನಿಗಿಂತ ಹೆಚ್ಚು ನೋವು.

ಕಿನ್ನಿಮೂಲ್ಕಿಯ ಅಪ್ಪ:
ನಮ್ಮ ಮಗ ಉತ್ತರಾಭಾದ್ರೆ ಮೂರನೇ ಪಾದ. ದು, ಥ, ಝ, ಞ, ಇವು ಆ ನಕ್ಷತ್ರದ ಅಕ್ಷರಗಳು. ನಮಗೆ ಬಂದದ್ದು ಝ. ಮಾವನವರು ಅಕ್ಷರ ತಪ್ಪಬಾರದು ಅಂದರು, ನಾನೂ ಹೂಂ ಅಂದೆ. ಝೇಂಕಾರ ಅಂತ ಇಟ್ಟೆವು. ನಾಮಕರಣದ ದಿನ ಎಲ್ಲರೂ ಎಷ್ಟು ಚಂದ ಅಂದರು. ಎಲ್‌ಕೆಜಿಯಿಂದ ಅವನು ಜೆಂಕಾರ್, ಜಂಕರ್, ಜಿಂಕೆ. ಏಳನೇ ಕ್ಲಾಸಿನಲ್ಲಿ "ಜಂಕ್". ಬೆನ್ನಿಗೆ ಆ ಶಬ್ದ ಬರೆದ ಚೀಟಿ ಅಂಟಿಸಿ ಕಳಿಸಿದ್ದರು. ಅವನು ನಮಗೆ ಹೇಳಲೇ ಇಲ್ಲ, ಯೂನಿಫಾರ್ಮ್ ಒಗೆಯುವಾಗ ಇವಳಿಗೆ ಅಂಟು ಸಿಕ್ಕಿತು.

ಎಸ್‌ಎಸ್‌ಎಲ್‌ಸಿಗೆ ಹೆಸರು ಹೋಗುವ ಮೊದಲು ಬದಲಿಸಲೇಬೇಕು ಅಂತ ಎಂಟನೇ ಕ್ಲಾಸಿನಲ್ಲಿ ಹೊರಟೆವು. ಒಂಬತ್ತು ತಿಂಗಳು ಹಿಡಿಯಿತು. ಶಾಲೆಯಿಂದ ಕಚೇರಿ, ಕಚೇರಿಯಿಂದ ವಕೀಲರು, ವಕೀಲರಿಂದ ಮತ್ತೆ ಶಾಲೆ. ವಕೀಲರಿಗೇ 8,000. ಈಗ ಪ್ರಣವ್. ಈಗಲೂ ಹಳೆಯ ಸ್ನೇಹಿತರು ಸಿಕ್ಕಿದರೆ ಆ ಹಳೆಯ ಹೆಸರೇ. ನಕ್ಷತ್ರದ ಹೆಸರು ಪೂಜೆಗೆ, ಸಂಕಲ್ಪಕ್ಕೆ ಇರಲಿ. ಕರೆಯುವ ಹೆಸರು, ಬರೆಯುವ ಹೆಸರು ಬೇರೆ ಇಡಬಹುದಿತ್ತು. ಅದನ್ನು ನನಗೆ ಆಗ ಒಬ್ಬರೂ ಹೇಳಲಿಲ್ಲ. ದಯವಿಟ್ಟು ಅಪರೂಪದ್ದು ಬೇಡ ತಂಗಿ.

ಬಂಟ್ವಾಳದ ತನಿಯನ ಅಪ್ಪ:
ಎಲ್ಲ ಓದಿದೆ. ನನ್ನದೂ ಹೇಳ್ತೇನೆ. ನನ್ನ ಅಜ್ಜ ಶನಿವಾರ ಹುಟ್ಟಿದ್ದು, ಹೆಸರು ತನಿಯ. ಅಜ್ಜನ ಅಣ್ಣ ಐತ, ಅಕ್ಕ ತುಕ್ರು. ನನ್ನ ಅಪ್ಪ ಮಂಗಳವಾರ, ಅಂಗಾರ. ಇವರಿಗೆಲ್ಲ ಯಾರೂ ಕೂತು ಹೆಸರು ಹುಡುಕಲಿಲ್ಲ. ಗದ್ದೆಯ ಧನಿಗಳ ಬಾಯಲ್ಲಿ ವಾರದ ಹೆಸರೇ ಬರುದು, ಅದೇ ಗಟ್ಟಿ. ಬೇರೆ ಚಂದದ ಹೆಸರಿಟ್ರೆ "ಓಹೋ" ಅಂತ ಕೇಳುವವರು ಇದ್ರು. ಅಪ್ಪ ಹದಿನಾರು ವರ್ಷಕ್ಕೆ ಮುಂಬೈ ಹೋಟೆಲಿಗೆ ಹೋದವ ಅಲ್ಲಿ ಆನಂದ ಅಂತ ಹೇಳಿದ. ಸಾಯುವವರೆಗೂ ಆನಂದ. ಊರಿಗೆ ಬಂದಾಗ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ "ಏ ಅಂಗಾರ".

2019ರಲ್ಲಿ ಮಗ ಹುಟ್ಟಿದಾಗ ನಾನು ತನಿಯ ಅಂತ ಇಟ್ಟೆ. ಅಜ್ಜನ ಹೆಸರು, ನಮ್ಮ ದೈವ ಕೊರಗಜ್ಜನ ಹೆಸರೂ ಅದೇ, ಕೊರಗ ತನಿಯ. ನಮ್ಮ ಕಡೆಯವರೇ ಅತ್ತರು, "ನಾವು ಕಷ್ಟಪಟ್ಟು ಬಿಟ್ಟ ಹೆಸರನ್ನು ಯಾಕೆ ಹೊತ್ತು ತಂದೆ" ಅಂತ. ಬೇರೆಯವರು "ಈಗಿನ ಕಾಲದಲ್ಲಿ ಇದೆಂತ" ಅಂತ ಮುಖ ತಿರುಗಿಸಿದ್ರು. ಚಿನ್ನ ಕಳೆದು ಹೋದ್ರೆ ಇದೇ ಜನ ಕೊರಗಜ್ಜನಿಗೆ ಚಕ್ಕುಲಿ ಬೀಡ ಹೇಳಿಕೊಳ್ಳುದು. ಇಂಗ್ಲಿಷಿನಲ್ಲಿ ಬರೆದಾಗ ತಾನಿಯಾ ಅಂತ ಓದ್ತಾರೆ, ಅದು ಹುಡುಗಿಯರ ಹೆಸರು. ಲಸಿಕೆಯ ಕಾರ್ಡಿನಲ್ಲಿ ಹೆಣ್ಣು, ಅಂಗನವಾಡಿಯ ಪಟ್ಟಿಯಲ್ಲಿ ಹೆಣ್ಣು, ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರ ಡ್ಯಾನ್ಸಿಗೆ ಸೇರಿಸಿ ಲಂಗದ ದುಡ್ಡು 650 ತೆಗೊಂಡ್ರು. ವಾಪಸ್ ಕೊಡಲಿಲ್ಲ.

ಒಂದು ಮಾತು ಕೇಳ್ತೇನೆ. ನೀವು ತುಡರ್, ದೇಯಿ, ಸಿರಿ ಅಂತ ಇಟ್ರೆ ಸಂಸ್ಕೃತಿ ಉಳಿಸಿದ ಹಾಗೆ. ತನಿಯ ಅಂತ ಇಟ್ರೆ ಮಾತ್ರ ಯಾಕೆ ಹಿಂದೆ ಹೋದ ಹಾಗೆ?

ಕಾರ್ಕಳದ ಅಪ್ಪ:
ಅಣ್ಣಾ, ದೇಯಿಯನ್ನು ಆ ಸಾಲಿಗೆ ಸೇರಿಸ್ಬೇಡಿ. ನಾವೂ ಗುತ್ತಿನವರಲ್ಲ, ದೊಡ್ಡ ಜಮೀನಿನ ಮನೆತನದವರಲ್ಲ. ನಮ್ಮ ಗರಡಿಯ (ಕೋಟಿ ಚೆನ್ನಯರ ಗುಡಿಯ) ಅಮ್ಮನ ಹೆಸರು ಅದು, ಫ್ಯಾಶನ್ನಿಗೆ ಇಟ್ಟದ್ದಲ್ಲ. ನನ್ನ ಅಜ್ಜಿ ಮೂರ್ತೆದಾರನ (ಸೇಂದಿ ಇಳಿಸುವವನ) ಹೆಂಡತಿ, ಅವಳೂ ತೆಗಳಿಕೆ ಕೇಳಿದವಳೇ.

ಬಂಟ್ವಾಳದ ತನಿಯನ ಅಪ್ಪ:
ನಿಮ್ಮ ಅಜ್ಜಿಯ ಕಷ್ಟ ನಾನು ಇಲ್ಲ ಅನ್ನಲಿಲ್ಲ. ನಿಮ್ಮ ಮಗಳ ಹೆಸರು ಕೇಳಿದ್ರೆ ಜನ ಕೈ ಮುಗಿತಾರೆ, ನನ್ನ ಮಗನ ಹೆಸರು ಕೇಳಿದ್ರೆ ಜಾತಿ ಕೇಳ್ತಾರೆ. ಅಷ್ಟೇ ನಾನು ಹೇಳಿದ್ದು.

ಬಿಜೈಯ ಟೀಚರ್:
ತಂಗಿ ಹೆಸರಿನ ಬಗ್ಗೆ ಕೇಳಿದ್ದು. ಜಾತಿ ವಿಷಯ ಇಲ್ಲಿ ಬೇಡ.

ಹಿರಿಯಡ್ಕದ ಸಿರಿಯ ಅಮ್ಮ:
ಹೆಸರಿನಲ್ಲಿ ಜಾತಿ ಇಲ್ವಾ ಟೀಚರ್? ಹಾಜರಿ ಕರೆಯುವಾಗ ನಿಮಗೆ ಒಂದು ಸಲವೂ ಗೊತ್ತಾಗಲಿಲ್ವಾ? ಅವರು ಹೇಳಿದ್ದು ನಮ್ಮೆಲ್ಲರಿಗಿಂತ ಹೆಚ್ಚು ವಿಷಯ ಉಂಟು, ಅವರನ್ನು ಬಾಯಿ ಮುಚ್ಚಿಸ್ಬೇಡಿ.

ಮೂಡುಬಿದಿರೆಯ ಅಜ್ಜಿ:
ನನ್ನ ಸೊಸೆ ಅವಳಿ ಹೆಣ್ಣುಮಕ್ಕಳಿಗೆ ಅಬ್ಬಗ, ದಾರಗ ಅಂತ ಇಡ್ತೇನೆ ಅಂತ ಹಠ ಮಾಡಿದ್ಲು. ಸಿರಿಯ ಮೊಮ್ಮಕ್ಕಳು, ಚೆನ್ನೆಮಣೆ (ಅಳಗುಳಿಮಣೆ) ಆಟದಲ್ಲಿ ಜಗಳ ಆಡಿ ಜೀವ ಹೋದ ಅಕ್ಕ ತಂಗಿ. ನಮ್ಮ ಕಾಲದಲ್ಲಿ ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡ್ಲಿಕ್ಕೇ ಬಿಡ್ತಿರಲಿಲ್ಲ. ನಾನು ಎರಡು ದಿನ ಊಟ ಬಿಟ್ಟೆ. ಈಗ ಮಕ್ಕಳು ಆದ್ಯ, ಆರ್ಯ. ಆ ಹೆಸರಿನವರು ಬೀದಿಗೆ ಹತ್ತು ಜನ ಅಂತ ಸೊಸೆ ಇವತ್ತಿಗೂ ಮಾತು ಚುಚ್ಚುತ್ತಾಳೆ. ಚುಚ್ಚಲಿ. ನನ್ನ ಮಕ್ಕಳು ಚೆನ್ನಾಗಿದ್ದಾರೆ.

ಹಿರಿಯಡ್ಕದ ಸಿರಿಯ ಅಮ್ಮ:
ಅಮ್ಮಾ, ಅಬ್ಬಗ ದಾರಗ ದೈವವಾಗಿ ನಿಂತವರು. ಕೆಟ್ಟ ಹೆಸರು ಅಂತ ಹೇಳ್ಬೇಡಿ, ನಮ್ಮ ದೊಡ್ಡಮ್ಮ ಇದ್ದಿದ್ರೆ ನಿಮ್ಮ ಹತ್ರ ಮಾತು ಬಿಡ್ತಿದ್ರು.

ಮೂಡುಬಿದಿರೆಯ ಅಜ್ಜಿ:
ಕೆಟ್ಟದ್ದು ಅಂತ ನಾನೆಲ್ಲಿ ಹೇಳಿದೆ ಮಗಾ? ಹೆದರಿಕೆ ಅಂತ ಹೇಳಿದ್ದು. ದೊಡ್ಡವರ ಹೆಸರು ಹೊರುದು ಸಣ್ಣ ಮಕ್ಕಳಿಗೆ ಭಾರ.

ಕುಂದಾಪ್ರದ ಹೆಣ್ಮಗಳು:
ಹ್ವಾಯ್, ಕರಾವಳಿ ಅಂದ್ರೆ ತುಳು ಒಂದೇ ಅಲ್ಲ ಮಾರ್ರೆ. ನಾವ್ ಮಗನಿಗೆ "ಹೊಂಬೆಳ್ಕ್" ಅಂದೇಳಿ ಇಟ್ಟಿತ್. ಶಾಲೆಯಲ್ಲಿ ಹೊಂಬೆಳಕು ಅಂದೇಳಿ ತಿದ್ದಿ ಬರದ್ರ್. ನಮ್ಮ್ ಭಾಷಿ ಹೆಸ್ರಿಗೆ ಯಾರೂ ಹೋರಾಟ ಮಾಡುದಿಲ್ಲೆ.

ಕಾರ್ಕಳದ ಅಪ್ಪ:
ಅಕ್ಕಾ, ತಿದ್ದಿದ ಕೂಡ್ಲೇ ಜನನ ಪತ್ರ ತೆಗೊಂಡು ಶಾಲೆಗೆ ಹೋಗಿ. ಆಧಾರಿನಲ್ಲಿ ತಿದ್ದಿಸಲಿಕ್ಕೆ ಹೊರಟ್ರೆ ಹೆಸರಿಗೆ ಜೀವಮಾನದಲ್ಲಿ ಎರಡೇ ಅವಕಾಶ.

ಕುಲಶೇಖರದ ಅಮ್ಮ:
ಎಲ್ಲರದ್ದೂ ಓದಿದೆ. ಬಂಟ್ವಾಳದ ಅಣ್ಣ, ನಿಮ್ಮದು ಇವರಿಗೂ ಓದಿ ಹೇಳಿದೆ. ನಾವು ಆ ಕಡೆಯಿಂದ ಯೋಚನೆ ಮಾಡಿರಲೇ ಇಲ್ಲ. ಒಂದೇ ಪ್ರಶ್ನೆ. ಹೆಸರು ಸೇರಿಸಲಿಕ್ಕೆ ಒಂದು ವರ್ಷ ಅಂತಾರಲ್ಲ, ಹುಟ್ಟಿದ ದಿನದಿಂದಲಾ?

ಬಂಟ್ವಾಳದ ತನಿಯನ ಅಪ್ಪ:
ನೋಂದಣಿಯಾದ ದಿನದಿಂದ 12 ತಿಂಗಳು, ಅಷ್ಟರೊಳಗೆ ಶುಲ್ಕ ಇಲ್ಲ. ಮತ್ತೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ನಿಮಗೆ ಇನ್ನೂ ನಾಲ್ಕೈದು ತಿಂಗಳು ಉಂಟು ತಂಗಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಕಾಗದದಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳ್ಬೇಡಿ. ಅವರು ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲೇ ನೋಡಿ, ಪ್ರಿಂಟ್ ಆಗುವ ಮೊದಲು. ಹೆಣ್ಣು ಅಂತ ಇರುವ ಜಾಗವನ್ನೂ ನೋಡಿ.